ಹಲ್ಲಿನ ಬೇರು, ಕೆನ್ನೆಯ ಗುಹೆ, ಬೂಷ್ಟಿನ ಉಂಡೆ

2021ರ ಬೇಸಗೆಯ ತರುವಾಯ ನಮ್ಮ ನವಿ ಮುಂಬಯಿ, ಠಾಣೆ, ಡೊಂಬಿವಲಿ, ಕಲ್ಯಾಣ ಕಡೆಯ ಮನೆಗಳಲ್ಲಿ ‘ಫಂಗಸ್’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಆಸ್ಪತ್ರೆಯಿಂದ ಬಂದ ವರದಿಯಲ್ಲಿ ಆ ಪದ ಕಂಡೊಡನೆ ಬಂಗಾರ ಅಡವಿಡುವ ಯೋಚನೆಗೆ ತೊಡಗಿದವರನ್ನೂ, ಊರಿಗೆ ಫೋನ್ ಮಾಡಿ ಅಣ್ಣತಮ್ಮಂದಿರನ್ನು ಕರೆಸಿಕೊಂಡವರನ್ನೂ ಈ ಲೇಖಕ ಕಂಡದ್ದುಂಟು. ಇದಕ್ಕೆ ಪೂರಾ ಎದುರಾದ ಇನ್ನೊಂದು ಬಗೆಯವರೂ ನಮ್ಮಲ್ಲಿದ್ದಾರೆ. ಮೂಗಿನ ಒಂದೇ ಹೊಳ್ಳೆಯಿಂದ ವರ್ಷಗಟ್ಟಲೆ ದುರ್ವಾಸನೆಯ ಸಿಂಬಳ ಇಳಿಯುತ್ತಿದ್ದರೂ “ಘಣಸೋಲಿಯ ಗಾಳಿಯೇ ಹೀಗೆ, ಆ ಕಡೆ ಕಾರ್ಖಾನೆ, ಈ ಕಡೆ ಖಾರಿ, ನೆಗಡಿ ಬಾರದೆ ಇನ್ನೇನು” ಎಂದು ಸುಮ್ಮನಿರುವವರು ಇವರು. ಹೆದರಬೇಕಾಗಿಲ್ಲದವರು ಹೆದರುತ್ತಾರೆ, ವೈದ್ಯರ ಬಳಿ ಹೋಗಬೇಕಾದವರು ಹೋಗುವುದಿಲ್ಲ. ಇಬ್ಬರೂ ತಿಳಿಯಬೇಕಾದ ಕಥೆ ಮಾತ್ರ ಒಂದೇ. ಅದು ಹಲ್ಲಿನಿಂದ ಹೊರಟು ಮೂಗಿನೊಳಗೆ ಮುಗಿಯುವ ಕಥೆ. ವೈದ್ಯಶಾಸ್ತ್ರಕ್ಕೆ ಅದು ಪೂರ್ತಿಯಾಗಿ ತಿಳಿಯಲು ಮುನ್ನೂರೈವತ್ತು ವರ್ಷ ಹಿಡಿಯಿತು.

ಮೊದಲು ಸ್ಥಳಪರಿಚಯ. ನಮ್ಮ ಎರಡು ಕೆನ್ನೆಗಳ ಎಲುಬಿನೊಳಗೆ, ಕಣ್ಣಿನ ಕೆಳಗೆ, ಮೂಗಿನ ಪಕ್ಕಕ್ಕೆ ಒಂದೊಂದು ಟೊಳ್ಳು ಕೋಣೆಯಿದೆ. ದೊಡ್ಡವರಲ್ಲಿ ಅದು ಮೂರು ಚಹಾ ಚಮಚೆ ನೀರು ಹಿಡಿಯುವಷ್ಟು, ಎಂದರೆ ಸುಮಾರು 15 ಮಿಲಿಲೀಟರು. ಇದಕ್ಕೆ ಮೇಲ್ದವಡೆಯ ಸೈನಸ್ ಎಂದು ಹೆಸರು. ಈ ಕೋಣೆಯ ನೆಲವೇ ಮೇಲಿನ ದವಡೆಹಲ್ಲುಗಳ ಚಾವಣಿ. ಹಲ್ಲಿನ ಬೇರಿಗೂ ಕೋಣೆಗೂ ನಡುವೆ ಕೆಲವರಲ್ಲಿ ಬೆರಳಷ್ಟು ದಪ್ಪದ ಎಲುಬಿದ್ದರೆ, ಕೆಲವರಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳು ಪದರ. ಇನ್ನು ಕೆಲವರಲ್ಲಿ ಬೇರಿನ ತುದಿಯನ್ನು ಮುಚ್ಚಿರುವುದು ಬರೀ ಲೋಳೆಪೊರೆ. ಒಳಗಿನ ಕೊಳೆ ಹೊರಹೋಗಲು ಕೋಣೆಗೆ ಒಂದು ಕಿಂಡಿಯೂ ಇದೆ. ಆದರೆ ಸೃಷ್ಟಿಕರ್ತನ ವಿಚಿತ್ರ ನೋಡಿ, ಆ ಕಿಂಡಿ ಇರುವುದು ನೆಲದ ಬಳಿಯಲ್ಲಲ್ಲ, ಮೇಲ್ಗಡೆ. ಬಚ್ಚಲಿನ ನೀರು ಹೋಗುವ ತೂತನ್ನು ಗೋಡೆಯ ಮೇಲ್ತುದಿಯಲ್ಲಿ ಕೊರೆದ ಹಾಗೆ! ಕೊಳೆಯನ್ನು ನೆಲದಿಂದ ಮೇಲಕ್ಕೆ ಗುಡಿಸಿ ಕಿಂಡಿಗೆ ಸಾಗಿಸಬೇಕು. ಆ ಗುಡಿಸುವವರು ಯಾರೆಂಬುದನ್ನು ಮುಂದೆ ನೋಡೋಣ.

ಮೂಗಿನ ಕಾಯಿಲೆಗಳು ನಮ್ಮವರಿಗೆ ಹೊಸತಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ನಾಸಾರೋಗಗಳಿಗೆಂದೇ ಅಧ್ಯಾಯವಿದ್ದು, ಮೂಗಿನಿಂದಲೂ ಬಾಯಿಯಿಂದಲೂ ದುರ್ಗಂಧ ಹೊರಡುವ ‘ಪೂತಿನಸ್ಯ’ವನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ. ನಮ್ಮ ಅಜ್ಜಿಯಂದಿರ ಬಾಯಲ್ಲಿದ್ದ ‘ಪೀನಸ’ವೂ ಆ ಪರಂಪರೆಯ ಮಾತೇ. ಮೂಗು ಬಾಯಿ ಎರಡೂ ಕೂಡಿ ನಾರುತ್ತವೆ ಎಂಬುದನ್ನು ಅವರು ಗಮನಿಸಿದ್ದರು. ಹಲ್ಲಿನ ಬೇರು ಚುಚ್ಚಿಕೊಂಡಿರುವ ಆ ಟೊಳ್ಳು ಕೋಣೆಯನ್ನು ತೆರೆದು ನೋಡುವ ಕೆಲಸ ಮಾತ್ರ ಯೂರೋಪಿನಲ್ಲಿ ನಡೆಯಿತು.

ಲಿಯೊನಾರ್ಡೊ ಡ ವಿಂಚಿ 1489ರಲ್ಲಿ ತಲೆಬುರುಡೆಯೊಂದನ್ನು ಉದ್ದಕ್ಕೆ ಗರಗಸದಿಂದ ಕೊಯ್ದು ಚಿತ್ರ ಬರೆದ. ಈಗ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿರುವ ಆ ಹಾಳೆಗಳಲ್ಲಿ ಕೆನ್ನೆಯ ಗುಹೆ ಸ್ಪಷ್ಟವಾಗಿ ಕಾಣುತ್ತದೆ. ಹಲ್ಲಿನ ಬೇರುಗಳಿಗೆ ಪೋಷಣೆ ನೀಡುವ ರಸ ಅದರಲ್ಲಿದೆ ಎಂದು ಅವನು ಊಹಿಸಿದ. ಊಹೆ ತಪ್ಪಾದರೂ ಹಲ್ಲಿಗೂ ಗುಹೆಗೂ ನಂಟಿದೆ ಎಂಬ ಗುರಿ ಸರಿಯಾಗಿತ್ತು. ಆದರೆ ಆ ಹಾಳೆಗಳು ಶತಮಾನಗಳ ಕಾಲ ಯಾವ ವೈದ್ಯನ ಕಣ್ಣಿಗೂ ಬೀಳಲಿಲ್ಲ. ಹೀಗಾಗಿ ಕೀರ್ತಿ ಸಂದದ್ದು ಇಂಗ್ಲೆಂಡಿನ ಶೆರ್ಬರ್ನ್ ಎಂಬ ಸಣ್ಣ ಊರಿನ ವೈದ್ಯ ನಥೇನಿಯಲ್ ಹೈಮೋರನಿಗೆ. ವಿಲಿಯಂ ಹಾರ್ವೆಗೆ ಅರ್ಪಿಸಿ 1651ರಲ್ಲಿ ಪ್ರಕಟಿಸಿದ ಅಂಗರಚನೆಯ ಗ್ರಂಥದಲ್ಲಿ ಅವನು ಈ ಗುಹೆಯನ್ನು ವಿವರಿಸಿದ. ಇಂದಿಗೂ ಕೆಲವು ಪುಸ್ತಕಗಳಲ್ಲಿ ಅದು ‘ಹೈಮೋರನ ಗುಹೆ’ಯೇ.

ಹೈಮೋರ್ ಅಲ್ಲಿ ಒಬ್ಬ ರೋಗಿಯ ಪ್ರಸಂಗ ಹೇಳುತ್ತಾನೆ. ಹಲ್ಲಿನ ಕಾಯಿಲೆಯಿಂದ ಬಹುಕಾಲ ನರಳಿದ ಒಬ್ಬ ಮಹಿಳೆ ಕೋರೆಹಲ್ಲನ್ನು ಕೀಳಿಸಿಕೊಂಡರು. ಕಿತ್ತ ಜಾಗದಿಂದ ರಸಿಕೆ ಇಳಿಯುವುದು ನಿಲ್ಲಲಿಲ್ಲ. ಎಲ್ಲಿಂದ ಬರುತ್ತಿದೆ ನೋಡೋಣವೆಂದು ಆಕೆ ಆ ತೂತಿನೊಳಗೆ ಬೆಳ್ಳಿಯ ಕಡ್ಡಿಯೊಂದನ್ನು ತೂರಿಸಿದರೆ ಅದು ಹೆಚ್ಚುಕಡಿಮೆ ಪೂರ್ತಿ ಒಳಗಿಳಿಯಿತು! ಮತ್ತೆ ಹಕ್ಕಿಯ ಗರಿಯ ಕಡ್ಡಿಯನ್ನು ಹಾಕಿದರೆ ಅದೂ ಒಳಗೇ. ಮಿದುಳನ್ನೇ ಮುಟ್ಟಿಬಿಟ್ಟೆನೆಂದು ಆಕೆ ಗಾಬರಿಯಾದಾಗ ಹೈಮೋರ್ ತನ್ನ ಚಿತ್ರಗಳನ್ನು ತೋರಿಸಿ, ಇದು ಮಿದುಳಲ್ಲ, ಎಲ್ಲರ ಕೆನ್ನೆಯಲ್ಲೂ ಇರುವ ಟೊಳ್ಳು ಎಂದು ಸಮಾಧಾನ ಹೇಳಿದ. ವರದಿ ಹಿಡಿದು ಬೆದರುವ ನಮ್ಮವರಿಗೂ ಬೇಕಾದದ್ದು ಅಂಥದೇ ಒಂದು ಸಮಾಧಾನ, ಸತ್ಯವನ್ನಾಧರಿಸಿದ್ದು.

ಆ ಕಾಲಕ್ಕೆ ನೆಗಡಿಯ ಸಿಂಬಳ ಮಿದುಳಿನಿಂದ ಸೋರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ವಿಟೆನ್‌ಬರ್ಗಿನ ಪ್ರಾಧ್ಯಾಪಕ ಕಾನ್ರಾಡ್ ಷ್ನೈಡರ್ 1660ರ ದಶಕದ ತನ್ನ ದೊಡ್ಡ ಗ್ರಂಥದಲ್ಲಿ ಇದನ್ನು ತಳ್ಳಿಹಾಕಿ, ಸಿಂಬಳವನ್ನು ಹುಟ್ಟಿಸುವುದು ಮೂಗಿನ ಒಳಮೈಯ ಪೊರೆಯೇ ಎಂದು ತೋರಿಸಿದ. ದಂತವೈದ್ಯರು ಸೈನಸಿನ ಪೊರೆಯನ್ನು ಇಂದಿಗೂ ಷ್ನೈಡರನ ಹೆಸರಿನಿಂದ ಕರೆಯುವುದುಂಟು. 18ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಕೌಪರ್ ಮತ್ತು ಡ್ರೇಕ್ ಎಂಬವರು ದವಡೆಹಲ್ಲನ್ನು ಕಿತ್ತು, ಅದರ ಕುಳಿಯಿಂದಲೇ ಸೈನಸಿಗೆ ದಾರಿ ಕೊರೆದು ಕೀವನ್ನು ತೊಳೆಯತೊಡಗಿದರು. ರೋಗ ಬಂದ ಬಾಗಿಲಿನಿಂದಲೇ ಅದನ್ನು ಹೊರಗಟ್ಟುವ ಉಪಾಯ! 1893ರಲ್ಲಿ ನ್ಯೂಯಾರ್ಕಿನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸಿನ ಲ್ಯೂಕ್, ಒಬ್ಬರನ್ನೊಬ್ಬರು ಅರಿಯದೆ, ತುಟಿಯ ಒಳಗಡೆಯಿಂದ ಕೆನ್ನೆಯ ಎಲುಬನ್ನು ತೆರೆದು ಒಳಪೊರೆಯನ್ನು ಸಂಪೂರ್ಣ ಕೆರೆದು ತೆಗೆಯುವ ಶಸ್ತ್ರಕ್ರಿಯೆಯನ್ನು ರೂಪಿಸಿದರು. ಮುಂದೆ ಎಂಬತ್ತು ವರ್ಷ ಅದರದೇ ದರ್ಬಾರು. ನಮ್ಮ ಹಿರಿಯರಲ್ಲಿ ‘ಸೈನಸ್ ಆಪರೇಶನ್’ ಮಾಡಿಸಿಕೊಂಡು ಕೆನ್ನೆ ಮರಗಟ್ಟಿದೆ ಎನ್ನುವವರಿದ್ದರೆ ಅದು ಬಹುಶಃ ಇದೇ.

ಪೊರೆಯನ್ನು ಕೆರೆದು ತೆಗೆದದ್ದರಿಂದ ಒಂದು ಉಪಕಾರವಾಯಿತು. ಆ ಪೊರೆ ಸೂಕ್ಷ್ಮದರ್ಶಕದ ಕೆಳಗೆ ಬಂದಿತು. ಈ ಲೇಖನದ ತಿರುಳಿರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಆರೋಗ್ಯದ ಸೈನಸಿನ ಒಳಪೊರೆ ತೀರಾ ತೆಳು. ಅದರ ಮೇಲ್ಪದರದ ಜೀವಕೋಶಗಳು ಕಂಬಗಳ ಹಾಗೆ ಒತ್ತಾಗಿ ನಿಂತಿರುತ್ತವೆ. ಒಂದೊಂದರ ತಲೆಯ ಮೇಲೂ ನೂರಾರು ಸೂಕ್ಷ್ಮ ರೋಮಗಳಿದ್ದು, ಗಾಳಿಗೆ ಗದ್ದೆಯ ಪೈರು ಬಾಗುವಂತೆ ಅವು ಒಂದೇ ದಿಕ್ಕಿಗೆ ಬಾಗಿ ಏಳುತ್ತವೆ. ಮೇಲಿನ ಕಿಂಡಿಯತ್ತ ಕೊಳೆಯನ್ನು ಗುಡಿಸುವವರು ಇವರೇ. ಕಂಬಗಳ ನಡುನಡುವೆ ಲೋಳೆಯನ್ನು ಸ್ರವಿಸುವ, ಬಟ್ಟಲಿನಾಕಾರದ ಜೀವಕೋಶಗಳಿರುತ್ತವೆ. ಲೋಳೆಗೆ ಧೂಳು ಅಂಟುತ್ತದೆ, ರೋಮಗಳು ಅದನ್ನು ಸಾಗಿಸುತ್ತವೆ. ಹಗಲಿರುಳು ನಡೆಯುವ ಈ ಕೆಲಸ ನಮ್ಮ ಗಮನಕ್ಕೇ ಬರುವುದಿಲ್ಲ.

ಇನ್ನು ದವಡೆಹಲ್ಲೊಂದು ಹುಳುಕಾಗಿ, ಅದರೊಳಗಿನ ನರ ಸತ್ತು, ಬೇರಿನ ತುದಿಯಲ್ಲಿ ಕೀವಿನ ಸಣ್ಣ ಗಂಟೊಂದು ಕೂತಿದೆ ಎನ್ನಿ. ನರ ಸತ್ತಿರುವುದರಿಂದ ನೋವಿಲ್ಲ. ನೋವಿಲ್ಲವೆಂದ ಮೇಲೆ ದಂತವೈದ್ಯರ ಯೋಚನೆಯೂ ಇಲ್ಲ. ಕ್ರಿಮಿಗಳೂ ಅವುಗಳ ವಿಷವೂ ತೆಳು ಎಲುಬಿನ ರಂಧ್ರಗಳಿಂದ ಮೇಲಕ್ಕೆ ಜಿನುಗುತ್ತವೆ. 1943ರಲ್ಲಿ ಬೌವರ್ ಎಂಬ ಅಮೆರಿಕದ ದಂತರೋಗ ತಜ್ಞರು ಶವಗಳ ದವಡೆಗಳನ್ನು ತೆಳುವಾಗಿ ಕೊಯ್ದು, ಹಲ್ಲು, ಎಲುಬು, ಸೈನಸ್ ಮೂರೂ ಒಂದೇ ಗಾಜಿನ ಮೇಲೆ ಕಾಣುವಂತೆ ಮಾಡಿ, ಈ ಪಯಣದ ಹೆಜ್ಜೆಗುರುತುಗಳನ್ನು ತೋರಿಸಿದರು. ಮೊದಲು ಬೇರಿನ ನೆತ್ತಿಗೆ ನೇರವಾಗಿ ಪೊರೆ ಊದಿಕೊಳ್ಳುತ್ತದೆ. ಬಟ್ಟಲು ಕೋಶಗಳ ಸಂಖ್ಯೆ ಏರುತ್ತದೆ, ಲೋಳೆ ಮಂದವಾಗುತ್ತದೆ. ರೋಮಗಳು ಮೊದಲು ಸೋಲುತ್ತವೆ, ಆಮೇಲೆ ಉದುರುತ್ತವೆ. ಗುಡಿಸುವವರಿಲ್ಲದ ಕೋಣೆಯಲ್ಲಿ ಕೀವು ಕಟ್ಟಿ ನಿಲ್ಲುತ್ತದೆ.

ವರ್ಷಗಳುರುಳಿದರೆ ಪೊರೆ ತನ್ನ ಸ್ವಭಾವವನ್ನೇ ಬಿಡುತ್ತದೆ. ಕಂಬದಂಥ ಕೋಶಗಳ ಜಾಗದಲ್ಲಿ ಚರ್ಮದಲ್ಲಿರುವಂಥ ಚಪ್ಪಟೆ ಕೋಶಗಳು ಪದರಪದರವಾಗಿ ಬೆಳೆಯುತ್ತವೆ. ಪೆಟ್ಟು ತಿಂದು ತಿಂದು ಅಂಗೈ ಜಡ್ಡುಗಟ್ಟುವ ಹಾಗೆ ಇದೂ ಒಂದು ಬಗೆಯ ಆತ್ಮರಕ್ಷಣೆ. ಆದರೆ ಜಡ್ಡುಗಟ್ಟಿದ ಪೊರೆಗೆ ಗುಡಿಸಲು ಬಾರದು. ಕೋಶಗಳ ಕೆಳಗಿನ ಆಧಾರಪದರ ದಪ್ಪವಾಗುತ್ತದೆ. ಅದರಡಿಯಲ್ಲಿ ದೀರ್ಘಕಾಲದ ಜಗಳದ ಸಿಪಾಯಿಗಳಾದ ಲಿಂಫೋಸೈಟು, ಪ್ಲಾಸ್ಮಾ ಕೋಶಗಳು ಠಾಣ್ಯ ಹೂಡುತ್ತವೆ. ಹಲ್ಲಿನ ಮೂಲದ ಉರಿಯೂತದಲ್ಲಿ ಕೀವಿನ ನ್ಯೂಟ್ರೋಫಿಲ್ ಕೋಶಗಳೂ ಧಾರಾಳ. ಅಲರ್ಜಿಯ ನೆಗಡಿಯಲ್ಲಿ ತುಂಬಿಕೊಳ್ಳುವ ಇಯೊಸಿನೊಫಿಲ್ ಕೋಶಗಳು ಇಲ್ಲಿ ವಿರಳ. ಅನುಭವಿ ರೋಗಲಕ್ಷಣ ತಜ್ಞರು ಇಷ್ಟರಿಂದಲೇ “ಮೂಗನ್ನಲ್ಲ, ಹಲ್ಲನ್ನು ನೋಡಿ” ಎಂದು ಸೂಚಿಸುವುದುಂಟು. ಕಡೆಗೆ ನಾರು ಬೆಳೆದು ಪೊರೆ ಗಡುಸಾಗುತ್ತದೆ, ಕೆಲವು ಕಡೆ ನೀರುತುಂಬಿದ ದ್ರಾಕ್ಷಿಯಂತೆ ಜೋತುಬೀಳುತ್ತದೆ, ಸುತ್ತಲಿನ ಎಲುಬೂ ದಪ್ಪಗಾಗುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥ ರೋಗಿಗಳ ಪಾಲಿಗೆ ಅಕ್ಷರಶಃ ನಿಜವಾಗಿದೆ. ಹಲ್ಲು ಹಾಗೆಯೇ ಉಳಿದು, ಮೂಗಿಗೆ ಹನಿ, ಹಬೆ, ಸರಣಿ ಸರಣಿಯಾಗಿ ಆಂಟಿಬಯಾಟಿಕ್ ಗುಳಿಗೆಗಳು! ಮೇಲ್ದವಡೆಯ ಸೈನಸಿನ ದೀರ್ಘಕಾಲದ ಉರಿಯೂತಗಳಲ್ಲಿ ನೂರಕ್ಕೆ 10-12 ಮಾತ್ರ ಹಲ್ಲಿನಿಂದ ಬಂದವು ಎಂದು ಹಳೆಯ ಪಠ್ಯಗಳು ಬರೆಯುತ್ತಿದ್ದವು. ಸಿ.ಟಿ. ಸ್ಕ್ಯಾನ್ ಬಂದು ಬೇರಿನ ತುದಿಗಳು ಸ್ಪಷ್ಟವಾಗಿ ಕಾಣತೊಡಗಿದ ಮೇಲೆ, ನೂರಕ್ಕೆ 40ರವರೆಗೂ ಹಲ್ಲಿನ ಪಾಲಿದೆಯೆಂಬ ವರದಿಗಳು ಬಂದಿವೆ. ಒಂದೇ ಪಕ್ಕದ ಮೂಗು, ಅದರಲ್ಲೂ ನಾರುವ ಸ್ರಾವ ಎಂದರೆ ಆ ಪಾಲು ಇನ್ನೂ ಹೆಚ್ಚು.

ಈಗ ಬೂಷ್ಟಿನ ಪ್ರವೇಶ. 1729ರಲ್ಲಿ ಫ್ಲಾರೆನ್ಸಿನ ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆದ ಮಿಕೆಲಿ, ಹಳಸಿದ ಪದಾರ್ಥಗಳ ಮೇಲೆ ಬೆಳೆಯುವ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಸಣ್ಣ ದೇಟಿನ ಮೇಲೆ ಗುಂಡು ತಲೆ, ಅದರ ಸುತ್ತ ಸರಸರವಾಗಿ ಬೀಜಕಣಗಳು. ಪುಣ್ಯಾಹದ ದಿನ ನಮ್ಮ ಪುರೋಹಿತರು ಮಾವಿನೆಲೆಯಿಂದ ನೀರು ಚಿಮುಕಿಸುವಂತೆ ಅವನ ಇಗರ್ಜಿಯಲ್ಲಿ ಗುಂಡುತಲೆಯ ಕೋಲೊಂದರಿಂದ ತೀರ್ಥ ಚಿಮುಕಿಸುವ ಪದ್ಧತಿಯಿತ್ತು. ಆ ಕೋಲಿನ ಹೆಸರಿನಿಂದಲೇ ಅವನು ಬೂಷ್ಟಿಗೆ ‘ಆಸ್ಪರ್ಜಿಲಸ್’ ಎಂದು ಕರೆದ. ಪವಿತ್ರ ಜಲದ ಕೋಲು ರೋಗದ ಹೆಸರಾದದ್ದು ಹೀಗೆ. 1856ರಲ್ಲಿ ಬರ್ಲಿನ್ನಿನ ವಿರ್ಖೋ ಇದೇ ಬೂಷ್ಟನ್ನು ಮನುಷ್ಯರ ಶ್ವಾಸಕೋಶದಲ್ಲಿ ವರ್ಣಿಸಿದರು. 1863ರಲ್ಲಿ ಫ್ರಾಂಕ್‌ಫರ್ಟಿನ ಫ್ರೆಸೀನಿಯಸ್ ಹಕ್ಕಿಯೊಂದರ ಶ್ವಾಸಾಂಗದಲ್ಲಿ ಕಂಡ ಜಾತಿಗೆ ‘ಫ್ಯೂಮಿಗೇಟಸ್’ ಎಂದು ಹೆಸರಿಟ್ಟರು. ಇದರ ಬೀಜಕಣಗಳು ಎಲ್ಲೆಲ್ಲೂ ಇವೆ. ಜುಲೈ ತಿಂಗಳಿನಲ್ಲಿ ನಮ್ಮ ಮನೆಗಳ ಒದ್ದೆ ಗೋಡೆ, ಕಪಾಟಿನ ಚಪ್ಪಲಿ, ಡಬ್ಬಿಯ ತಳದ ಬ್ರೆಡ್ಡು ಯಾವುದನ್ನು ನೋಡಿದರೂ ಬೂಷ್ಟಿನ ಸಂಸಾರ ಕಾಣುತ್ತದೆ. ದಿನವೂ ನಾವು ಅದರ ಕಣಗಳನ್ನು ಉಸಿರಾಡುತ್ತೇವೆ; ಗುಡಿಸುವ ರೋಮಗಳು ಹೊರಗೆ ಹಾಕುತ್ತವೆ. ಗುಡಿಸುವವರು ಸತ್ತ ಕೋಣೆಯಲ್ಲಿ ಮಾತ್ರ ಅದು ಬೀಡು ಬಿಡುತ್ತದೆ.

ಅಲ್ಲಿ ಅದು ನಿಧಾನವಾಗಿ ಬೆಳೆದು ಉಂಡೆಯಾಗುತ್ತದೆ. ಇದಕ್ಕೆ ‘ಫಂಗಸ್ ಬಾಲ್’ ಅಥವಾ ‘ಆಸ್ಪರ್ಜಿಲೋಮ’ ಎನ್ನುತ್ತಾರೆ. ಕೊನೆಯ ‘ಓಮ’ ಕೇಳಿ ಕ್ಯಾನ್ಸರೆಂದು ಅತ್ತವರಿದ್ದಾರೆ. ಅದು ಗಡ್ಡೆಯೇ ಅಲ್ಲ. ಹೊರತೆಗೆದರೆ ಕಂದು-ಹಸಿರು ಬಣ್ಣದ, ಜೇಡಿಮಣ್ಣಿನಂತೆ ಪುಡಿಯಾಗುವ ಮುದ್ದೆ. ಸೂಕ್ಷ್ಮದರ್ಶಕದಲ್ಲಿ ಅಡ್ಡಗೋಡೆಗಳುಳ್ಳ, ಸುಮಾರು 45 ಅಂಶದ ಕೋನದಲ್ಲಿ ಕವಲೊಡೆಯುವ ಎಳೆಗಳು ಈರುಳ್ಳಿಯ ಸುತ್ತುಗಳಂತೆ ಸುತ್ತಿಕೊಂಡಿರುತ್ತವೆ. ಪಕ್ಕದ ಪೊರೆಯಲ್ಲಿ ಮೇಲೆ ಹೇಳಿದ ಉರಿಯೂತದ ಗುರುತುಗಳಿವೆ, ಆದರೆ ಬೂಷ್ಟಿನ ಒಂದು ಎಳೆಯೂ ಅದರೊಳಗೆ ಹೊಕ್ಕಿಲ್ಲ. ವರದಿಯಲ್ಲಿ ಹುಡುಕಬೇಕಾದ ಮಾತು ಇದೇ: ಬೂಷ್ಟು ಮಾಂಸದೊಳಗೆ ಹೊಕ್ಕಿದೆಯೋ ಇಲ್ಲವೋ. ಹೊಕ್ಕಿಲ್ಲವೆಂದಾದರೆ, ಆರೋಗ್ಯವಂತರಲ್ಲಿ ಉಂಡೆಯನ್ನು ಪೂರ್ತಿ ತೆಗೆದು ಕಿಂಡಿಯನ್ನು ಅಗಲಿಸಿದರೆ ಸಾಮಾನ್ಯವಾಗಿ ಸಾಕು. ದುಬಾರಿ ಔಷಧಿಗಳ ಅಗತ್ಯವೂ ಸಾಧಾರಣವಾಗಿ ಇರುವುದಿಲ್ಲ.

ಬೂಷ್ಟಿನ ಎಳೆ ಮಾಮೂಲಿ ಬಣ್ಣದಲ್ಲಿ ಕೆಲವೊಮ್ಮೆ ಕಣ್ತಪ್ಪುತ್ತದೆ. 1955ರಲ್ಲಿ ಗ್ರೊಕಾಟ್ ಎಂಬವರು ಗೊಮೊರಿಯವರ ಬೆಳ್ಳಿಯ ಲೇಪವನ್ನು ಇದಕ್ಕೆ ಹೊಂದಿಸಿಕೊಂಡ ಮೇಲೆ ಹಸಿರು ಹಿನ್ನೆಲೆಯಲ್ಲಿ ಬೂಷ್ಟು ಕಾಡಿಗೆಯಂತೆ ಕಪ್ಪಾಗಿ ಎದ್ದು ಕಾಣತೊಡಗಿತು. ಇಂದಿಗೂ ವರದಿಗಳಲ್ಲಿ ‘ಜಿ.ಎಂ.ಎಸ್.’ ಎಂಬ ಮೂರಕ್ಷರ ಕಂಡರೆ ಅದು ಈ ಬೆಳ್ಳಿಯ ಪರೀಕ್ಷೆ. ಕಪ್ಪು ಬಣ್ಣ ಕಂಡಿತೆಂದ ಮಾತ್ರಕ್ಕೆ ‘ಬ್ಲ್ಯಾಕ್ ಫಂಗಸ್’ ಅಲ್ಲ!

ಹಲ್ಲಿನ ಚಿಕಿತ್ಸೆಯೇ ಬೂಷ್ಟಿಗೆ ಊಟ ಬಡಿಸುತ್ತದೆಯೇ ಎಂಬುದು ಈ ಇತಿಹಾಸದ ಅತ್ಯಂತ ಸ್ವಾರಸ್ಯದ ಅಧ್ಯಾಯ. ಬೇರಿನ ಕಾಲುವೆಯನ್ನು ತೊಳೆದು ತುಂಬಲು ದಂತವೈದ್ಯರು ಬಹುಕಾಲ ಬಳಸಿದ ಲೇಪದಲ್ಲಿ ಎರಡು ಪದಾರ್ಥಗಳು ಮುಖ್ಯ: ಸತುವಿನ ಆಕ್ಸೈಡು ಮತ್ತು ಲವಂಗದೆಣ್ಣೆಯ ಸಾರವಾದ ಯೂಜಿನಾಲ್. ದಂತವೈದ್ಯರ ಕೋಣೆಗೆ ಕಾಲಿಟ್ಟೊಡನೆ ಮೂಗಿಗಡರುತ್ತಿದ್ದ ವಾಸನೆ ಅದೇ. ಕೆಲವೊಮ್ಮೆ ಈ ಲೇಪ ಬೇರಿನ ತುದಿ ದಾಟಿ ಸೈನಸಿನೊಳಗೆ ಇಣುಕುವುದುಂಟು. 1980ರ ದಶಕದಲ್ಲಿ ಆಸ್ಟ್ರಿಯದ ಬೆಕ್-ಮನಗೆಟ್ಟ, 1989ರಲ್ಲಿ ಫ್ರಾನ್ಸಿನ ಲೆಜಾಂ ಮುಂತಾದವರು ಬೂಷ್ಟಿನ ಉಂಡೆಯಿದ್ದ ಸೈನಸುಗಳಲ್ಲಿ ಇಂಥ ಲೇಪ ಪದೇ ಪದೇ ಸಿಗುವುದನ್ನು ಗಮನಿಸಿ ಸತುವಿನ ಮೇಲೆ ಸಂಶಯಪಟ್ಟರು. ಸಂಶಯಕ್ಕೆ ಆಧಾರ ನೂರಿಪ್ಪತ್ತು ವರ್ಷ ಹಳೆಯದು. ಪಾಶ್ಚರರ ಶಿಷ್ಯ ಜೂಲ್ ರೋಲಾಂ 1869ರಲ್ಲೇ ಆಸ್ಪರ್ಜಿಲಸ್ ಬೂಷ್ಟನ್ನು ಬೆಳೆಸಿ, ಲೇಶಮಾತ್ರ ಸತುವಿಲ್ಲದಿದ್ದರೂ ಅದು ಸೊರಗುತ್ತದೆ ಎಂದು ತೋರಿಸಿದ್ದ. ಜೀವಿಗಳಿಗೆ ಸತು ಬೇಕು ಎಂದು ಜಗತ್ತಿಗೆ ಮೊದಲು ತಿಳಿದದ್ದೇ ಬೂಷ್ಟಿನಿಂದ!

ಎಲ್ಲರೂ ಇದನ್ನು ಒಪ್ಪಿಲ್ಲ. ಲವಂಗದ ಸಾರಕ್ಕೆ ಸ್ವತಃ ಬೂಷ್ಟನ್ನು ತಡೆಯುವ ಗುಣವಿದೆ. ಹಲ್ಲಿಗೆ ಯಾವ ಚಿಕಿತ್ಸೆಯೂ ಆಗದವರಲ್ಲೂ ಉಂಡೆ ಸಿಕ್ಕಿದೆ. ಆಸ್ಟ್ರಿಯದ ಗ್ರಾತ್ಸ್ ನಗರದ ಷ್ಟಾಂಬರ್ಗರ್ ಮತ್ತು ಸಂಗಡಿಗರು 1984ರಲ್ಲಿ ಇನ್ನೊಂದು ತಿರುವು ಕೊಟ್ಟರು. ಎಕ್ಸ್-ರೇ ಚಿತ್ರದಲ್ಲಿ ಲೋಹದ ಚೂರಿನಂತೆ ಹೊಳೆಯುವ ಚುಕ್ಕಿ ಪ್ರತಿಸಲವೂ ಹಲ್ಲಿನ ಲೇಪವಲ್ಲ. ಸತ್ತ ಬೂಷ್ಟಿನ ನಡುವೆ ತಾನಾಗಿ ಹೆಪ್ಪುಗಟ್ಟಿದ ಕ್ಯಾಲ್ಸಿಯಂ ಲವಣವೂ ಹಾಗೆಯೇ ಕಾಣುತ್ತದೆ ಎಂದರು. ನನಗೆ ತೋರುವುದು ಇಷ್ಟು: ಸತು ಒಂದೇ ಅಪರಾಧಿಯಲ್ಲ, ಆದರೆ ಲೇಪ ತನ್ನ ಎಲ್ಲೆ ದಾಟಿ ಪೊರೆಯ ಮೇಲೆ ಕೂತರೆ ಅಲ್ಲಿನ ಗುಡಿಸುವ ಕೆಲಸ ಕೆಡುತ್ತದೆ, ಉಳಿದದ್ದನ್ನು ಬೂಷ್ಟು ನೋಡಿಕೊಳ್ಳುತ್ತದೆ. ಇಂದು ಇಂಪ್ಲಾಂಟ್ ಎಂಬ ಲೋಹದ ತಿರುಪುಗಳನ್ನು ಮೇಲ್ದವಡೆಗೆ ಕೂರಿಸುವುದು ಹೆಚ್ಚಿರುವುದರಿಂದ, ಸೈನಸಿನೊಳಗೆ ಜಾರಿದ ತಿರುಪಿನ ಸುತ್ತಲೂ ಇದೇ ಕಥೆ ನಡೆಯುವುದುಂಟು. ಹಾಗೆಂದು ಬೇರಿನ ಚಿಕಿತ್ಸೆಗೆ ಹೆದರಬಾರದು. ಚಿಕಿತ್ಸೆ ಮಾಡಿಸದ ಹಲ್ಲಿನಿಂದ ಆಗುವ ಹಾನಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ನಮ್ಮ ದೇಶದಲ್ಲಿ ಇದು ಒಂದು ರೀತಿಯಲ್ಲಿ ಹೊಸ ಕಾಲದ ಕಾಯಿಲೆ. ಕಲ್ಕತ್ತೆಯಲ್ಲಿ ಡಾ. ರಫೀವುದ್ದೀನ್ ಅಹ್ಮದ್ ದಂತವೈದ್ಯ ಕಾಲೇಜು ತೆರೆದದ್ದು 1920ರಲ್ಲಿ. ದಂತವೈದ್ಯರ ಕಾಯಿದೆ ಬಂದದ್ದು 1948ರಲ್ಲಿ. ನಮ್ಮ ನಾಡಿನಲ್ಲಿ ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರದು, ಮಣಿಪಾಲದ್ದು 1965ರದು. ಅದಕ್ಕೆ ಮುಂಚೆ, ಆಮೇಲೂ ಬಹುಕಾಲ, ಹಲ್ಲುನೋವೆಂದರೆ ಕೀಳಿಸುವುದು ಎಂದೇ ಅರ್ಥ. ಆಗ ಬೇರೊಂದು ತೊಂದರೆ. ದವಡೆಹಲ್ಲಿನ ಜೊತೆ ತೆಳು ಎಲುಬೂ ಕಿತ್ತು ಬಂದು ಬಾಯಿಗೂ ಸೈನಸಿಗೂ ತೂತಾಗಿಬಿಡುತ್ತಿತ್ತು. ನೀರು ಕುಡಿದರೆ ಮೂಗಿನಲ್ಲಿ ಬರುವುದು, ಕೆನ್ನೆ ಉಬ್ಬಿಸಿ ಊದಿದರೆ ಗಾಳಿ ಮೇಲಕ್ಕೆ ನುಸುಳುವುದು ಇದರ ಗುರುತು. ಹಲ್ಲು ಕೀಳಿಸಿದ ಮೇಲೆ ಇಂದಿಗೂ ಯಾರಿಗಾದರೂ ಹೀಗಾದರೆ ತಾನಾಗಿ ಮುಚ್ಚೀತೆಂದು ತಿಂಗಳುಗಟ್ಟಲೆ ಕಾಯಬಾರದು.

ಬೂಷ್ಟು ಮಾಂಸದೊಳಗೆ ಹೊಕ್ಕರೆ ಏನಾಗುತ್ತದೆ? ಸುಡಾನಿನ ವೈದ್ಯರು 1969ರಲ್ಲಿ ವರ್ಣಿಸಿದ ಬಗೆಯೊಂದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಜಾತಿ ತಿಂಗಳು, ವರ್ಷಗಳ ಮೇಲೆ ಮೆಲ್ಲನೆ ಹಬ್ಬುತ್ತದೆ. ಅದನ್ನು ಕಟ್ಟಿಹಾಕಲು ದೇಹ ಹಲವು ನ್ಯೂಕ್ಲಿಯಸ್ಸುಗಳ ದೈತ್ಯಕೋಶಗಳ ಗಂಟು ಕಟ್ಟುತ್ತದೆ; ಕಣ್ಣು ಮುಂದೆ ತಳ್ಳಿಬರುತ್ತದೆ. ಒಣಹವೆಯ ಉತ್ತರ ಭಾರತದಲ್ಲೂ ಇದು ಕಾಣುತ್ತದೆ, ನಮ್ಮ ದೇಶದ ಸೈನಸುಗಳಲ್ಲಿ ಫ್ಲೇವಸ್ ಜಾತಿಯದೇ ಮೇಲುಗೈ. ಇನ್ನೊಂದು ಬಗೆ ಅಲರ್ಜಿಯದು. 1983ರಲ್ಲಿ ಅಮೆರಿಕದ ಕಾಟ್ಸೆನ್‌ಸ್ಟೈನ್ ಮುಂತಾದವರು ಇದನ್ನು ಬೇರ್ಪಡಿಸಿದರು. ಅಂಟುಗೋಂದಿನಂಥ ಲೋಳೆ, ಅದರ ತುಂಬ ಇಯೊಸಿನೊಫಿಲ್ ಕೋಶಗಳು, ನಡುವೆ ಸೂಜಿಯಾಕಾರದ ಹರಳುಗಳು, ಬೂಷ್ಟು ಮಾತ್ರ ಅಲ್ಲೊಂದು ಇಲ್ಲೊಂದು ಎಳೆ. ಕಡೆಯದು ಅತ್ಯಂತ ಭಯಂಕರವಾದದ್ದು, 1885ರಲ್ಲಿ ಆಸ್ಟ್ರಿಯದ ಪಾಲ್ಟಾಫ್ ವರ್ಣಿಸಿದ ಮ್ಯೂಕರ್ ಜಾತಿಯ ರೋಗ. ಅದರ ಎಳೆಗಳು ಅಗಲ, ಪಟ್ಟಿಯಂತೆ ಮಡಚಿಕೊಳ್ಳುವಂಥವು. ಅಡ್ಡಗೋಡೆಗಳು ಹೆಚ್ಚುಕಡಿಮೆ ಇಲ್ಲ, ಕವಲೊಡೆಯುವುದು ನೇರ ಕೋನದಲ್ಲಿ. ಅವು ರಕ್ತನಾಳದ ಗೋಡೆಯನ್ನೇ ಭೇದಿಸಿ ಒಳಗೆ ರಕ್ತ ಹೆಪ್ಪುಗಟ್ಟಿಸುತ್ತವೆ. ರಕ್ತ ಬಾರದ ಮಾಂಸ, ಎಲುಬು ಸತ್ತು ಕಪ್ಪಾಗುತ್ತದೆ. ಕಪ್ಪು ಬಣ್ಣ ಬೂಷ್ಟಿನದಲ್ಲ, ಸತ್ತ ಅಂಗಾಂಶದ್ದು. ಪತ್ರಿಕೆಗಳು ಕೊಟ್ಟ ‘ಕಪ್ಪು ಶಿಲೀಂಧ್ರ’ ಎಂಬ ಹೆಸರೇ ತಪ್ಪು. ಆದರೆ ಅದು ಈಗ ಅಳಿಯುವಂಥದಲ್ಲ.

1997ರಲ್ಲಿ ಅಮೆರಿಕದ ಡಿ ಷಾಜೋ ಮತ್ತು ಸಹೋದ್ಯೋಗಿಗಳು ಈ ಬಗೆಗಳನ್ನೆಲ್ಲ ಒಂದು ಕ್ರಮಕ್ಕೆ ತಂದಾಗ ಅಳತೆಗೋಲು ಒಂದೇ ಆಗಿತ್ತು: ಅಂಗಾಂಶದೊಳಗೆ ಹೊಕ್ಕದ್ದು, ಹೊಗದೆ ಹೊರಗುಳಿದದ್ದು. ಇದನ್ನು ಎಕ್ಸ್-ರೇಯಾಗಲಿ ರಕ್ತಪರೀಕ್ಷೆಯಾಗಲಿ ಖಚಿತವಾಗಿ ಹೇಳಲಾರದು. ತುಣುಕು ಮಾಂಸ, ಬಣ್ಣ, ಸೂಕ್ಷ್ಮದರ್ಶಕ ಬೇಕೇಬೇಕು.

2021ರ ಎರಡನೆಯ ಕೊರೋನಾ ಅಲೆಯಲ್ಲಿ ಈ ಅಳತೆಗೋಲಿನ ಬೆಲೆ ನಮಗೆ ತಿಳಿಯಿತು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅದರ ಮೇಲೆ ಸ್ಟೀರಾಯ್ಡು, ಇವೆರಡೂ ಕೂಡಿದ ದೇಹಗಳಿಗೆ ಮ್ಯೂಕರ್ ನುಗ್ಗಿತು. ಆ ವರ್ಷ ಮೇ 20ರಂದು ಕೇಂದ್ರ ಆರೋಗ್ಯ ಮಂತ್ರಾಲಯ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಲು ರಾಜ್ಯಗಳಿಗೆ ಬರೆಯಿತು. ಜುಲೈ ನಡುವಿನ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಮಂದಿಗೆ ರೋಗ ತಗಲಿ 4,000ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರೆಂದು ಸಂಸತ್ತಿಗೆ ತಿಳಿಸಲಾಯಿತು. ಅತಿ ಹೆಚ್ಚು ರೋಗಿಗಳಿದ್ದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಗುಜರಾತವೂ ಮುಂದಿದ್ದವು. ಎಷ್ಟೋ ಮಂದಿಗೆ ಮೊದಲ ಸೂಚನೆ ಬಂದದ್ದು ಬಾಯಲ್ಲಿ: ಗಟ್ಟಿಯಾಗಿದ್ದ ಮೇಲ್ಹಲ್ಲುಗಳು ಒಮ್ಮೆಲೆ ಅಲುಗಾಡುವುದು, ತಾಲು ಬಣ್ಣಗೆಡುವುದು, ಕೆನ್ನೆ ಮರಗಟ್ಟುವುದು. ಜೀವ ಉಳಿಸಲು ಮೇಲ್ದವಡೆಯನ್ನೇ ತೆಗೆಯಬೇಕಾಯಿತು. ಹಾಗೆ ಉಳಿದವರು ತಾಲುವಿನ ತೂತು ಮುಚ್ಚುವ ಫಲಕ ಧರಿಸಿಯೇ ಉಣ್ಣಬೇಕು, ಮಾತಾಡಬೇಕು.

ಆಗ ಔಷಧಿಗಾಗಿ ಪಟ್ಟ ಪಾಡು ಮರೆಯುವಂಥದಲ್ಲ. ಆಂಫೊಟೆರಿಸಿನ್ ಎಂಬ 1950ರ ದಶಕದ ಔಷಧಿ, ವೆನೆಜುವೆಲಾದ ಒರಿನೋಕೊ ನದಿಸೀಮೆಯ ಮಣ್ಣಿನ ಜೀವಿಯೊಂದರಿಂದ ದೊರೆತದ್ದು. ಬೂಷ್ಟಿನ ಕೋಶದ ಹೊರಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಜಿಡ್ಡಿಗೆ ಅಂಟಿ, ಅದನ್ನು ತೂತುಮಾಡಿ ಕೊಲ್ಲುತ್ತದೆ. ಅದರ ಸುಧಾರಿತ ರೂಪವನ್ನು ತಯಾರಿಸುತ್ತಿದ್ದ ಭಾರತೀಯ ಕಂಪೆನಿಗಳಲ್ಲೊಂದಾದ ಭಾರತ್ ಸೀರಮ್ಸ್‌ನ ಕಾರ್ಖಾನೆ ನಮ್ಮ ಕಲ್ಯಾಣದಾಚೆಯ ಅಂಬರನಾಥದಲ್ಲಿತ್ತು. ಆದರೂ ಒಂದೊಂದು ಸೀಸೆಗಾಗಿ ನಮ್ಮವರು ಊರೂರು ಅಲೆದರು, ಬೇಡಿಕೆ ಅಷ್ಟು ಏಕಾಏಕಿ ಉಕ್ಕಿತ್ತು.

ಇಲ್ಲಿ ಕನ್ನಡಿಗರು ನೆನೆಯಬೇಕಾದ ಹೆಸರೊಂದಿದೆ. ಮೈಸೂರಿನವರಾದ ಡಾ. ಮಂಡಯಂ ಜೀರಸನ್ನಿಧಿ ತಿರುಮಲಾಚಾರ್ ಶಿಲೀಂಧ್ರಶಾಸ್ತ್ರದಲ್ಲಿ ದೊಡ್ಡ ಪಂಡಿತರು, ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಮಹಾರಾಷ್ಟ್ರಕ್ಕೆ ಬಂದವರು. ಪುಣೆಯ ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್‌ನ ಸಂಶೋಧನ ವಿಭಾಗದ ಮುಖ್ಯಸ್ಥರಾಗಿದ್ದ ಅವರು, 1961ರಲ್ಲಿ ಸಂಗಡಿಗರೊಡನೆ ಬೂಷ್ಟನ್ನು ಕೊಲ್ಲುವ ಹೊಸ ಔಷಧಿಯೊಂದನ್ನು ಪ್ರಕಟಿಸಿದರು. ಅದನ್ನು ಹುಟ್ಟಿಸುವ ಸೂಕ್ಷ್ಮಜೀವಿಗೆ ಪಿಂಪ್ರಿಯ ನೆನಪಿನಲ್ಲಿ ‘ಪಿಂಪ್ರಿನಾ’ ಎಂದೂ, ಔಷಧಿಗೆ ಕಾರ್ಖಾನೆಯ ಮೊದಲಕ್ಷರಗಳಿಂದ ‘ಹ್ಯಾಮೈಸಿನ್’ ಎಂದೂ ಹೆಸರಿಟ್ಟರು. ನ್ಯೂಯಾರ್ಕ್ ರಾಜ್ಯದ ಇಬ್ಬರು ಮಹಿಳೆಯರು, ಹೇಜನ್ ಮತ್ತು ಬ್ರೌನ್, 1950ರಲ್ಲಿ ತಮ್ಮ ಶೋಧಕ್ಕೆ ರಾಜ್ಯದ ಹೆಸರಿನಿಂದ ‘ನಿಸ್ಟಾಟಿನ್’ ಎಂದು ಕರೆದದ್ದಕ್ಕೆ ಇದು ನಮ್ಮವರ ಜವಾಬು ಎನ್ನಬಹುದು. ಹ್ಯಾಮೈಸಿನ್ ಆಂಫೊಟೆರಿಸಿನ್ನಿನ ಬಳಗದ್ದೇ. ಹೊಟ್ಟೆಗೆ ಕೊಟ್ಟರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲವಾದ್ದರಿಂದ ಮೇಲೆ ಹಚ್ಚುವ ಔಷಧಿಯಾಗಿ ಉಳಿದುಕೊಂಡಿತು, ಮ್ಯೂಕರಿನಂಥ ರೋಗಕ್ಕೆ ಅಸ್ತ್ರವಾಗಲಿಲ್ಲ. ತಿರುಮಲಾಚಾರ್ಯರಿಗೆ 1967ರಲ್ಲಿ ವೈದ್ಯವಿಜ್ಞಾನಕ್ಕಾಗಿ ಭಟ್ನಾಗರ್ ಪ್ರಶಸ್ತಿ ಸಂದಿತು, 1999ರಲ್ಲಿ ತೀರಿಕೊಂಡರು. ಪಿಂಪ್ರಿ-ಚಿಂಚವಡದ ನಮ್ಮ ಸಂಘಗಳಲ್ಲಿ ಅವರ ಹೆಸರು ಇನ್ನಷ್ಟು ಕೇಳಬೇಕಿತ್ತು ಎಂದು ನನ್ನ ಅಭಿಪ್ರಾಯ.

ಶಸ್ತ್ರಕ್ರಿಯೆಯೂ ಬದಲಾಗಿದೆ. ಗ್ರಾತ್ಸ್‌ನ ಮೆಸ್ಸರ್‌ಕ್ಲಿಂಗರ್ ದುರ್ಬೀನಿನ ಮೂಲಕ ಲೋಳೆ ಹರಿಯುವ ದಾರಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 1978ರಲ್ಲಿ ಗ್ರಂಥ ಬರೆದರು. 1985ರಿಂದ ಅಮೆರಿಕದ ಕೆನಡಿ ಅದನ್ನು ಜಗತ್ತಿಗೆ ಪರಿಚಯಿಸಿದರು. ಪೊರೆಯನ್ನು ಕೆರೆದು ಹಾಕುವ ಬದಲು ಅದನ್ನು ಉಳಿಸಿ, ಕಿಂಡಿಯನ್ನಷ್ಟೇ ಅಗಲಿಸಿದರೆ ಪೊರೆ ಚೇತರಿಸಿಕೊಂಡು ರೋಮಗಳು ಮತ್ತೆ ಗುಡಿಸತೊಡಗುತ್ತವೆ ಎಂಬುದು ಇದರ ತತ್ತ್ವ. ಆದರೆ ಕೆಟ್ಟ ಹಲ್ಲನ್ನು ಹಾಗೆಯೇ ಬಿಟ್ಟರೆ ಎಂಥ ದುರ್ಬೀನೂ ನಿಷ್ಪ್ರಯೋಜಕ. ಮೂಗಿನ ವೈದ್ಯರೂ ಹಲ್ಲಿನ ವೈದ್ಯರೂ ಒಂದೇ ಸ್ಕ್ಯಾನನ್ನು ಕೂಡಿ ನೋಡಬೇಕು. ನೆರೂಳಿನಂಥ ಕಡೆ ಎರಡೂ ವಿಭಾಗಗಳು ಹತ್ತಿರ ಹತ್ತಿರವೇ ಇರುವುದರಿಂದ ಘಣಸೋಲಿಯವರಿಗೆ ಇದು ಕಷ್ಟದ ಮಾತಲ್ಲ. ಕೇಳಬೇಕು, ಅಷ್ಟೆ.

ಇನ್ನೊಂದು ಸಣ್ಣ ಸಂಗತಿ. ಶಸ್ತ್ರಕ್ರಿಯೆಯಾದ ಮೇಲೆ ಮಾದರಿಯ ಸೀಸೆಯನ್ನು ಮನೆಯವರ ಕೈಗೇ ಕೊಟ್ಟು ಪ್ರಯೋಗಾಲಯಕ್ಕೆ ಕಳಿಸುವ ರೂಢಿ ನಮ್ಮ ಕಡೆ ಅನೇಕ ಸಣ್ಣ ಆಸ್ಪತ್ರೆಗಳಲ್ಲಿದೆ. ಫಾರ್ಮಲಿನ್ ತುಂಬಿದ ಸೀಸೆಯಲ್ಲಿ ಅಂಗಾಂಶದ ರೂಪ ಕೆಡದೆ ಉಳಿಯುತ್ತದೆ, ಸೂಕ್ಷ್ಮದರ್ಶಕಕ್ಕೆ ಅದೇ ಬೇಕು. ಆದರೆ ಫಾರ್ಮಲಿನ್ ಬೂಷ್ಟನ್ನು ಕೊಲ್ಲುವುದರಿಂದ, ಯಾವ ಜಾತಿಯೆಂದು ಬೆಳೆಸಿ ನೋಡಲು ಅದರಿಂದ ಸಾಧ್ಯವಿಲ್ಲ. ಬೂಷ್ಟಿನ ಸಂಶಯವಿದ್ದರೆ ಬರೀ ಸಲೈನ್ ನೀರಿನಲ್ಲಿ ಇನ್ನೊಂದು ತುಣುಕು ಬೇಕು. ಸೀಸೆಗಳು ಎರಡು, ಒಂದಲ್ಲ. ವೈದ್ಯರು ಗಡಿಬಿಡಿಯಲ್ಲಿ ಮರೆತಿದ್ದರೆ, “ಡಾಕ್ಟರೇ, ಕಲ್ಚರಿಗೆ ಬೇರೆ ಸೀಸೆ ಕೊಡುತ್ತೀರಾ?” ಎಂದು ಶಸ್ತ್ರಕ್ರಿಯೆಗೆ ಮುಂಚೆಯೇ ಒಂದು ಮಾತು ಕೇಳಿಟ್ಟುಕೊಳ್ಳಿ.